ಮೊದಲ ಬೀಜ

ಅವಿಟಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಬೆಳಿಗ್ಗೆ ಸರೋವರದ ದಡದಲ್ಲಿ ಅವಳೇ ಗೋರಿ ತಂದಿದ್ದ ಬಸವನಹುಳುವಿನ ಒಂದು ತೊಟ್ಟು ರಕ್ತ. ಅದರೊಳಗಿನ ಸಣ್ಣ ಕಣಗಳು ತೆವಳುತ್ತಾ ಬಂದು ಒಂದು ಮರಿಹುಳವನ್ನು ಮುತ್ತಿಕೊಳ್ಳುತ್ತಿದ್ದವು.

“ಹೊಟ್ಟೆ ಊದಿಸೋ ಹುಳ ಇದೇ ದೊಡ್ಡಮ್ಮಾ,” ಎಂದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಮೈದುನನ ಮಗ ಒಯುಗಿ. “ಈ ರಕ್ತಕ್ಕೆ ಅದರ ಗುರುತು ಸಿಕ್ತು. ಸುತ್ತುಗಟ್ಟಿ ಕೊಂದೇಬಿಡುತ್ತೆ.”

ಅವನು ಗಾಜು ಬದಲಿಸಿದ. ಇನ್ನೊಂದು ಬಸವನಹುಳುವಿನ ರಕ್ತದಲ್ಲಿ ಕಣಗಳು ಹುಳವನ್ನು ಸವರಿಕೊಂಡು ಸುಮ್ಮನೆ ಹಾದುಹೋದವು. “ಇದಕ್ಕೆ ಗುರುತೇ ಸಿಗಲ್ಲ. ಹುಳ ಒಳಗೇ ಬೆಳೆದು ಈ ಬಸವನಹುಳುವನ್ನೂ ಸಾಯಿಸುತ್ತೆ, ನೀರಿಗಿಳಿದು ನಮ್ಮ ಚರ್ಮದೊಳಕ್ಕೂ ತೂರುತ್ತೆ.”

ಅವಿಟಿಯ ಗಂಡ ದಿನವೆಲ್ಲ ನೀರಲ್ಲಿ ನಿಂತು ಬಲೆ ಎಳೆದವನು. ಹೊಟ್ಟೆ ಊದಿ, ರಕ್ತ ಕಾರಿ ಸತ್ತ. ಆ ವರ್ಷ ಅವನು ಮೀನಿಗೆ ಹೋಗಿದ್ದಾಗ ಮಳೆ ಹುಯ್ದಿತ್ತು. ಹದ ತಪ್ಪೀತೆಂದು ಅವಳು ಗಂಡನಿಗಿಂತ ಮೊದಲೇ ಜೋಳ ಬಿತ್ತಿದ್ದಳು. ಮೊದಲ ಬೀಜ ಗಂಡನೇ ಬಿತ್ತಬೇಕೆಂಬ ಕಟ್ಟಳೆ ಮುರಿದ ಶಾಪ ಅವನನ್ನು ತಿಂದಿತೆಂದು ಹೆಣದ ಮುಂದೆಯೇ ಮೈದುನ ಹೇಳಿದ. ಹನ್ನೊಂದು ವರ್ಷ ಅವಳೂ ಅದನ್ನೇ ನಂಬಿದ್ದಳು.

ಈಗ ಅವಳು ತಲೆ ಎತ್ತಿದಳು.

“ನಿಮ್ಮಪ್ಪನ್ನ ಕರ್ಕೊಂಡು ಬಾ ಒಯುಗಿ. ಈ ಬಸವನಹುಳು ಯಾರಿಗಿಂತ ಮೊದಲು ಬಿತ್ತಿತ್ತು ಅಂತ ಹೇಳ್ಲಿ.”