ನಡುವೆ ಬಿಟ್ಟ ಜಾಗ

"ತಲೆ ಇನ್ನೂ ಸ್ವಲ್ಪ ಬಗ್ಗಿಸಣ್ಣ. ಸಾಕು. ಈಗ ಎಡಗೈ ಹಲಗೆ ಮೇಲಿಡು. ಊರಬೇಡ, ಸುಮ್ಮನೆ ಇಡು."

ಸಿಮಿಯೋನ್ ಕೈಯಿಟ್ಟ. ಲಿಸ್ಬನ್ನಿನ ಹೊರವಲಯದ ಆ ಅರ್ಧ ಎದ್ದ ಕಟ್ಟಡದಲ್ಲಿ ಹಲಗೆಗಳಿಗೆ ಬರವಿರಲಿಲ್ಲ. ಮೊಲ್ದೋವಾದ ಊರಿನಿಂದ ಹೊರಟ ತಮ್ಮ ಸೆರಾಫಿಮ್ ವಿಮಾನ ಇಳಿದು ನೇರ ಇಲ್ಲಿಗೇ ಬಂದಿದ್ದ. ಎರಡು ಡಬ್ಬಗಳ ಮೇಲೆ ಹಲಗೆ ಹಾಸಿ, ಟೇಪು ಹಿಡಿದು ಎತ್ತರ ನೋಡಿ, ಅಣ್ಣನಿಗೆ ಕಪ್ಪು ಕೋಟು ತೊಡಿಸಿದ್ದ. ಬೆಳಕು ಎಡಗಡೆಯಿಂದಲೇ ಬೀಳಬೇಕೆಂದು ಹಠ ಹಿಡಿದಿದ್ದ.

"ಹುಟ್ಟುಹಬ್ಬದ ಫೋಟೋಗೆ ಇಂಥ ಮುಖ ಯಾಕೋ? ನಗಬಾರದಾ?"

"ನಿನ್ನ ಹಲ್ಲು ನೋಡಿದ್ರೆ ಅಪ್ಪ ಹೆದರ್ಕೋತಾನೆ. ನಗಬೇಡ."

ಅಪ್ಪನ ಹುಟ್ಟುಹಬ್ಬಕ್ಕೆ ಮಕ್ಕಳೆಲ್ಲ ಒಂದೇ ಚಿತ್ರದಲ್ಲಿ. ಸೆರಾಫಿಮ್ ಹೇಳಿದ್ದು ಇಷ್ಟೇ. ಲಿಸ್ಬನ್, ಪ್ಯಾರಿಸ್, ಪಾದುವಾ. ಒಬ್ಬೊಬ್ಬರನ್ನೇ ತೆಗೆದು ಆಮೇಲೆ ಜೋಡಿಸುವುದು. ಬೇರೆ ದಾರಿಯಿರಲಿಲ್ಲ. ಹೊರಗಿರುವ ಮೂವರಲ್ಲಿ ಯಾರಿಗೂ ಕಾಗದಪತ್ರ ಇಲ್ಲ. ಮೊಲ್ದೋವಾಕ್ಕೆ ಹೊರಟರೆ ಯಾರೂ ತಡೆಯುವುದಿಲ್ಲ. ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲ, ಅಷ್ಟೇ.

"ಅಪ್ಪ ಹೇಗಿದ್ದಾನೆ? ಫೋನ್ ಮಾಡಿದ್ರೆ ಎತ್ತೋದೇ ಇಲ್ಲ."

"ಕಿವಿ ಮಂದ ಆಗಿದೆ," ಎಂದ ಸೆರಾಫಿಮ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಅಣ್ಣ ಸುಟ್ಟುಕೊಟ್ಟ ಮೀನನ್ನು ಎಲೆಕೋಸಿನ ಅಡಿ ಬಚ್ಚಿಟ್ಟು, ತಟ್ಟೆ ಸರಿಸಿ, ವಿಮಾನ ನಿಲ್ದಾಣಕ್ಕೆ ಹೊರಟ.

ಪ್ಯಾರಿಸ್‌ನಲ್ಲಿ ಕೆಲಸ ಅಷ್ಟು ಸಲೀಸಾಗಲಿಲ್ಲ. ಗೋಡೆಗೆ ಬಣ್ಣ ಬಳಿಯುವ ಟೊಡೋರ್ ಇದ್ದದ್ದು ಲಿಫ್ಟ್ ಇಲ್ಲದ ಕಟ್ಟಡದ ತುತ್ತತುದಿಯ ಕೋಣೆಯಲ್ಲಿ. ಸೆರಾಫಿಮ್ ಪ್ರತಿ ಮಹಡಿಯಲ್ಲೂ ನಿಂತ. ಚೀಲ ಭಾರ ಎಂದ.

"ಮುದುಕ ಆಗ್ಬಿಟ್ಯಲ್ಲೋ ಅಣ್ಣ. ಕೊಡು ಇಲ್ಲಿ."

ಕೋಣೆಯಲ್ಲಿ ಇಸ್ತ್ರಿ ಮೇಜನ್ನೇ ಅದೇ ಎತ್ತರಕ್ಕೆ ತಂದರು. ಟೊಡೋರ್ ಕೈಯಿಟ್ಟ, ತಲೆ ತಗ್ಗಿಸಿದ, ಎದುರಿನ ಖಾಲಿ ಜಾಗ ನೋಡಿದ. ಬಿಸಿ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಇದು ಶವಪೆಟ್ಟಿಗೆ ಎತ್ತರ ಅಲ್ವೇನೋ?"

ಅವರ ಊರಿನಲ್ಲಿ ಹೂಳುವ ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು, ಮನೆಯವರು ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಗೋಡೆ ಏರುತ್ತದೆ. ಬಂದವರು ಮೊದಲು ನೋಡುವುದು ಸತ್ತವರನ್ನಲ್ಲ, ಯಾರ್ಯಾರು ಅಲ್ಲಿ ನಿಂತಿಲ್ಲ ಎನ್ನುವುದನ್ನು. ಸೆರಾಫಿಮ್ ಅಂಥ ಫೋಟೋ ತೆಗೆದೇ ಬದುಕಿದವನು. ಅಮ್ಮನದನ್ನೂ ಅವನೇ ತೆಗೆದಿದ್ದ. ಅದರಲ್ಲಿ ಪೆಟ್ಟಿಗೆಯ ಪಕ್ಕ ಅಪ್ಪ ಒಬ್ಬನೇ ಇದ್ದ. ಮೂವರು ಮಕ್ಕಳು ಪರದೇಶದಲ್ಲಿ, ಒಬ್ಬ ಕ್ಯಾಮೆರಾದ ಹಿಂದೆ. ಆ ಗೋಡೆಯ ಕಡೆ ಅಪ್ಪ ಇಂದಿಗೂ ಬೆನ್ನು ಮಾಡಿ ಕೂರುತ್ತಾನೆ.

"ಅಪ್ಪ ಹೋದನಾ?"

"ಇಲ್ಲ."

"ಅಮ್ಮನ ಆಣೆ?"

"ಅಪ್ಪ ಸತ್ತಿಲ್ಲ ಕಣೋ. ಬೇಕಾದ್ರೆ ಫೋನ್ ಮಾಡು."

ಸೆರಾಫಿಮ್ ತನ್ನ ಫೋನನ್ನು ಇಸ್ತ್ರಿ ಮೇಜಿನ ಮೇಲಿಟ್ಟ. ಟೊಡೋರ್ ಅದನ್ನೇ ನೋಡುತ್ತ ನಿಂತ. ಗೊತ್ತಾದರೆ ಹೋಗಬೇಕಾಗುತ್ತದೆ. ಹೋದರೆ ಹೆಂಡತಿ, ಮಗು ಇಲ್ಲೇ ಉಳಿಯುತ್ತಾರೆ. ಅವನು ಫೋನನ್ನು ಮುಟ್ಟಲಿಲ್ಲ. ಟೋಪಿ ತೆಗೆದು, ಯಾರೂ ಹೇಳದೆಯೇ ತಲೆ ತಗ್ಗಿಸಿದ.

"ಬೇಗ ತೆಗಿ," ಎಂದ.

ಇಟಲಿಯ ರೈಲಿನಲ್ಲಿ ಸೆರಾಫಿಮ್ ಕಂಪ್ಯೂಟರ್ ತೆರೆದು ಇಬ್ಬರನ್ನೂ ಎದುರುಬದುರು ನಿಲ್ಲಿಸಿದ. ನಡುವೆ ಉದ್ದಕ್ಕೆ ಜಾಗ ಬಿಟ್ಟ. ಪಕ್ಕದ ಹೆಂಗಸು ಇಣುಕಿ ನೋಡಿ ಕಿಟಕಿಯ ಕಡೆ ತಿರುಗಿ ಕೂತಳು. ಅಷ್ಟರಲ್ಲಿ ಸಿಮಿಯೋನ್‌ನಿಂದ ಸಂದೇಶ: 'ಟೊಡೋರ್ ಏನೋ ಹೇಳ್ತಿದ್ದಾನೆ. ನಿಜ ಹೇಳು.' ಸೆರಾಫಿಮ್ ಫೋನ್ ಆರಿಸಿದ. ಅವನಿಗಿದ್ದ ಭಯ ಪಾದುವಾದಲ್ಲಿದ್ದ ತಂಗಿ ಕತಿಂಕಾಳದು. ಕೊನೆಯವಳು, ಅಣ್ಣಂದಿರಂತಲ್ಲ. ತಿಳಿದರೆ ಎಲ್ಲ ಬಿಟ್ಟು ಸಿಕ್ಕ ವ್ಯಾನು ಹತ್ತುವವಳು. ಅವಳ ಸಂಬಳದಲ್ಲೇ ಅವಳ ಇಬ್ಬರು ಮಕ್ಕಳು ಊರಿನಲ್ಲಿ ಓದುತ್ತಿದ್ದರು. ಅವಳ ಕಿವಿಗೆ ಬೀಳುವ ಮೊದಲು ಫೋಟೋ ಮುಗಿಯಬೇಕಿತ್ತು.

ಬಿದ್ದಾಗಿತ್ತು; ಟೊಡೋರ್‌ನ ಅನುಮಾನ ಅವಳವರೆಗೂ ಬಂದಿತ್ತು. ಪಾದುವಾದ ಪಾರ್ಕಿನಲ್ಲಿ, ಊರಿಗೆ ಗಂಟುಮೂಟೆ ಒಯ್ಯುವ ವ್ಯಾನುಗಳ ಪಕ್ಕ, ಕತಿಂಕಾ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದಳು. ಬೆಂಚಿನ ಮೇಲೆ ಅವಳು ಅಣ್ಣನಿಗೆಂದು ತಂದ ಗಿಣ್ಣಿನ ರೊಟ್ಟಿಯ ಡಬ್ಬಿ.

"ತಿನ್ನು ಮೊದಲು. ಫೋಟೋ ಆಮೇಲೆ. ಊರಿನ ಪಾದ್ರಿ ಹೆಂಡ್ತಿಗೆ ಫೋನ್ ಮಾಡಿದ್ದೀನಿ, ಹೋಗಿ ಅಪ್ಪನ ಕೈಗೇ ಕೊಡ್ತಾಳಂತೆ."

"ಇಡು ಕತಿಂಕಾ. ಬೇಡ."

"ಯಾಕೆ ಬೇಡ?"

ಅವಳು ಸ್ಪೀಕರ್ ಒತ್ತಿದಳು. ಗರಗರ ಸದ್ದು. ಸೆರಾಫಿಮ್ ಡಬ್ಬಿ ಸರಿಸಿ ಬೆಂಚಿನ ಮೇಲೆ ಕೂತ.

"ಯಾರೇ ಅದು? ಕತಿಂಕಾನಾ? ಕಿರುಚಬೇಡ್ವೇ, ಪೀಪಾಯಿ ತೊಳೀತಿದ್ದೀನಿ."

"ಅಪ್ಪಾ... ನೀನು ಸತ್ತೆ ಅಂತ ಅಂದ್ಕೊಂಡೆ."

"ಹೊಸಾ ವೈನ್ ಕುಡಿಯೋ ಮುಂಚೆ ನಾನ್ಯಾಕೆ ಸಾಯ್ಲಿ?" ಮುದುಕ ಕೆಮ್ಮಿದ. ಆಮೇಲೆ ದನಿ ತಗ್ಗಿತು. "ಸೆರಾಫಿಮ್ ಬಂದ್ನಾ? ಏನಾದ್ರೂ ತಿಂದ್ನಾ?"

"ಎಲ್ಲಿ, ನನ್ನ ರೊಟ್ಟಿ ಮುಟ್ಟೇ ಇಲ್ಲ."

ಆ ಕಡೆ ಪೀಪಾಯಿ ತೊಳೆಯುವ ಸದ್ದು ನಿಂತಿತು. ಸಂಪರ್ಕ ಕಡಿಯಿತು.

ಕತಿಂಕಾ ಅಳುತ್ತಲೇ ನಕ್ಕಳು, ಅಣ್ಣನ ಬೆನ್ನಿಗೊಂದು ಗುದ್ದಿದಳು. "ಕತ್ತೆ. ನಮ್ಮನ್ನೆಲ್ಲ ಹೆದರಿಸಿಬಿಟ್ಯಲ್ಲೋ." ಕಪ್ಪು ಸ್ಕಾರ್ಫ್ ಕಟ್ಟಿಕೊಂಡು ಅವನು ಹೇಳಿದ ಹಾಗೆ ನಿಂತಳು. ಅವನು ತೆಗೆದ. ಅವಳನ್ನು ಅಣ್ಣಂದಿರ ಪಕ್ಕ ಜೋಡಿಸಿದ. ಅವಳು ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ನೀನೇ ಇಲ್ವಲ್ಲೋ ಇದ್ರಲ್ಲಿ. ಯಾವಾಗಲೂ ಇದೇ ಆಯ್ತು ನಿಂದು. ನಡುವೆ ಇಷ್ಟು ಜಾಗ ಬಿಟ್ಟಿದ್ದೀಯ, ಹೋಗಿ ನಿಂತ್ಕೋ. ಕ್ಯಾಮೆರಾ ಕೊಡು, ನಾನು ತೆಗೀತೀನಿ."

"ಬೇಡ," ಎಂದ ಸೆರಾಫಿಮ್. "ಅಲ್ಲಿ ನಾನು ನಿಲ್ಲಲ್ಲ. ಅಲ್ಲಿ ನನ್ನನ್ನ ಮಲಗಿಸ್ತಾರೆ."