ಬಾನೆಟ್ ಮೇಲೆ ಉಳಿದ ಚೌಕ

ಗೇಟು ತೆಗೆದ ಗಂಡ ಕೈಯಲ್ಲಿದ್ದ ಚೀಲವನ್ನು ಅಲ್ಲೇ ನೆಲಕ್ಕೆ ಬಿಟ್ಟ. ಶೀಟಿನ ನೆರಳಿನಲ್ಲಿ ನಿಂತಿದ್ದ ಅವನ ಕಪ್ಪು ಕಾರಿನ ಹಿಂಬಾಗಿಲ ಮೇಲೆ ಹೆಂಡತಿ ಗರಗರ ತಿರುಗುವ ಮೆಷಿನ್ ಒತ್ತಿ ಹಿಡಿದಿದ್ದಳು. ಗುಂಡಿ ತಾಗಿ ಬಣ್ಣಕ್ಕೆ ಏಟಾಗದಿರಲಿ ಎಂದು ಅವನದೇ ಹಳೇ ಅಂಗಿಯನ್ನು ಹಿಂದುಮುಂದಾಗಿ ತೊಟ್ಟಿದ್ದಳು.

"ನಿಲ್ಸು. ನಿಲ್ಸು ಅಂದೆ."

ಅವಳು ನಿಲ್ಲಿಸಲಿಲ್ಲ. ಹಿಡಿದ ಸಾಲು ಮುಗಿಸದೆ ಕೈ ಎತ್ತುವ ಅಭ್ಯಾಸ ಹೊಲಿಗೆಯಲ್ಲೇ ಅವಳಿಗಿರಲಿಲ್ಲ. ಸಾಲು ಮುಗಿಸಿ, ಸ್ವಿಚ್ ಆರಿಸಿ, ಮೂಗಿಗೆ ಕಟ್ಟಿದ್ದ ಬಟ್ಟೆ ಕೆಳಗಿಳಿಸಿದಳು.

"ಇದನ್ನ ಮುಟ್ಟು ಅಂತ ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ. ಮುಟ್ಬೇಡ ಅಂತ ಹೇಳೋರು ಮಾತ್ರ ಒಬ್ಬರಿದ್ರು. ಅವರು ಎರಡು ದಿನ ಟ್ರೈನಿಂಗಿಗೆ ಹೋಗಿದ್ರು."

ಅವಳ ಲೈಸೆನ್ಸ್ ಬೀರುವಿನಲ್ಲಿ ಬ್ಲೌಸ್ ಪೀಸುಗಳ ಅಡಿ ಆರು ವರ್ಷದಿಂದ ತಣ್ಣಗೆ ಮಲಗಿತ್ತು. ಕಾರೆಂದರೆ ಗಂಡನಿಗೆ ಪಂಚಪ್ರಾಣ. ಭಾನುವಾರ ಬಂತೆಂದರೆ ಬಕೆಟ್ಟು, ಹಳೇ ಬನಿಯನ್ನು ಹಿಡಿದು ಅದರ ಮುಂದೆ ಹಾಜರು. ಮನೆಗೆ ಯಾರೇ ಬರಲಿ, "ಇವಳ ಕೈಗೆ ಕೀ ಕೊಟ್ಟರೆ ವಾರದೊಳಗೆ ಕಾರಿನ ಮೈ ತುಂಬ ಗೀರು" ಎಂದು ನಗಿಸುತ್ತಿದ್ದ. ಬಂದವರ ಜೊತೆ ಅವಳೂ ನಗುತ್ತಿದ್ದಳು. ನಕ್ಕು ಒಳಗೆ ಹೋಗಿ ಹೊಲಿಗೆ ಯಂತ್ರದ ಪೆಡಲನ್ನು ಜೋರಾಗಿ ತುಳಿಯುತ್ತಿದ್ದಳು.

ಬೀದಿ ಕೊನೆಯ ಪೇಂಟಿಂಗ್ ಶೆಡ್ಡಿಗೆ ಅವಳು ಸೀಟ್ ಕವರ್ ಹೊಲಿದುಕೊಡುತ್ತಿದ್ದಳು. ಅಲ್ಲಿನ ಪೇಂಟರ್ ಒಂದು ದಿನ ಯಾರದೋ ಕಾರಿನ ಮೇಲೆ ಟಾರ್ಚ್ ಬಿಟ್ಟು, ಕೂದಲೆಳೆಯಂಥ ನೂರಾರು ಸುತ್ತುಗೀರುಗಳನ್ನು ತೋರಿಸಿದ್ದ. ಮಣ್ಣು ಕೂತ ಬಟ್ಟೆಯಿಂದ ಗುಂಡಗುಂಡಗೆ ಒರೆಸಿದರೆ ಹೀಗಾಗುತ್ತಂತೆ. ಮನೆಗೆ ಬಂದವಳೇ ತಮ್ಮ ಕಾರಿಗೂ ಟಾರ್ಚ್ ಹಿಡಿದಳು. ನೋಡಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮಾರನೇ ದಿನದಿಂದ ಒಂದು ತಿಂಗಳು, ಶೆಡ್ಡಿನಲ್ಲಿ ಬಿದ್ದಿದ್ದ ಗುಜರಿ ಬಾಗಿಲೊಂದರ ಮೇಲೆ ಪಾಲಿಶ್ ಮೆಷಿನ್ ಹಿಡಿದು ಗೀರು ತೆಗೆಯಲು ಕೈ ಪಳಗಿಸಿಕೊಂಡಳು.

ಗಂಡ ಈಗ ಕಾರಿಗೆ ಎರಡು ಸುತ್ತು ಬಂದ. "ಎಲ್ಲೆಲ್ಲಿ ಹಾಳು ಮಾಡಿದೀಯ, ನೀನೇ ಹೇಳ್ಬಿಡು."

"ಬನ್ನಿ, ತೋರಿಸ್ತೀನಿ."

ಬಾನೆಟ್ ಮೇಲೆ, ಒಂದು ಬದಿಗೆ, ಗೇಣಗಲದ ಚೌಕದ ಸುತ್ತ ಹಳದಿ ಟೇಪು ಅಂಟಿಸಿತ್ತು. ಅವಳು ಟಾರ್ಚ್ ಬಿಟ್ಟಳು. ಚೌಕದೊಳಗೆ ಸುತ್ತುಗೀರುಗಳು ಒಂದರ ಮೇಲೊಂದು ಎದ್ದು ಕಂಡವು.

"ನಾನು ಹೇಳ್ಲಿಲ್ವಾ?" ಅವನ ದನಿಯಲ್ಲಿ ಗೆದ್ದ ಖುಷಿಯೇ ಇತ್ತು. "ಇಷ್ಟು ಗೀರು ಹಾಕೋಕೆ ನಿನಗೆ ಎರಡೇ ದಿನ ಸಾಕಾಯ್ತು."

"ನಾನು ಮುಟ್ಟದೇ ಬಿಟ್ಟಿರೋದು ಈ ಚೌಕ ಒಂದೇ," ಅಂದಳು ಅವಳು.

ಅವನು ಬಗ್ಗಿದ. ಚೌಕದ ಆಚೆ ಬಣ್ಣ ಕರ್ರಗೆ, ಒಂದು ಗೆರೆಯೂ ಇಲ್ಲದೆ, ಅವನ ಮುಖವನ್ನು ಇದ್ದ ಹಾಗೇ ತೋರಿಸುತ್ತಿತ್ತು. ಅವಳು ಬಕೆಟ್ಟಿನಿಂದ ಬನಿಯನ್ ತೆಗೆದು ಅದರ ಅಂಚಿನ ಮೇಲೆ ಅವನ ಬೆರಳು ಆಡಿಸಿದಳು.

"ದಪ್ಪ ಹೊಲಿಗೆ ಇದು. ಮಡಿಕೆಯಲ್ಲಿ ಮರಳು ಸಿಕ್ತಾ? ಪ್ರತಿ ಭಾನುವಾರ ಇದರಲ್ಲೇ ಉಜ್ಜಿದ್ದು."

"ನಾನು ಪ್ರೀತಿಯಿಂದ..."

"ಪ್ರೀತಿ ಇಲ್ಲ ಅಂತ ನಾನೆಲ್ಲಿ ಅಂದೆ?"

ಅವನು ಬನಿಯನ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಆಮೇಲೆ ಮೆತ್ತಗೆ, "ಸರಿ, ಈ ಚೌಕನೂ ಒಂದು ತೆಗೆದುಬಿಡು. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ" ಅಂದ.

ಅವಳು ಟೇಪು ಕಿತ್ತಳು. ಪಾಲಿಶ್ ಮಾಡಿದ ಬಣ್ಣ ಕೆಡದಂತೆ ಮೇಲೆ ತೆಳ್ಳಗೆ ಹಚ್ಚುವ ಸೀಲಂಟ್ ಡಬ್ಬಿ ತೆಗೆದು, ಕೊನೆಯದಾಗಿ ಉಳಿದಿದ್ದ ಹಿಂಬಾಗಿಲಿಗೆ ಹಚ್ಚಿದಳು. ಸ್ಪಂಜಿನಲ್ಲಿ ಉಳಿದದ್ದನ್ನು ನೇರ ತಂದು ಆ ಚೌಕಕ್ಕೂ ಹಚ್ಚಿದಳು.

"ಅಯ್ಯೋ, ಗೀರಿನ ಮೇಲೇ ಹಚ್ತೀಯಲ್ಲೇ."

"ಹೌದು. ಭದ್ರವಾಗಿರಲಿ."

ಸೀಲಂಟ್ ಒಣಗಿ ಬೆಳ್ಳಗಾಯಿತು. ರೂಢಿಬಲದಿಂದ ಗಂಡನ ಬನಿಯನ್ ಹಿಡಿದ ಕೈ ತಾನಾಗಿ ಒರೆಸಲು ಮುಂದೆ ಹೋಯಿತು.

"ಮುಟ್ಬೇಡಿ," ಅಂದಳು ಅವಳು. ಆರು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತು, ಅದೇ ಗತ್ತಿನಲ್ಲಿ ಬಂತು. ಅವನು ಕೈ ಹಿಂದೆ ತೆಗೆದುಕೊಂಡ. ತಾನೇ ಕತ್ತರಿಸಿಟ್ಟಿದ್ದ, ಅಂಚಿಗೆ ಹೊಲಿಗೆಯೇ ಇಲ್ಲದ ಮೆತ್ತನೆಯ ಬಟ್ಟೆಯಿಂದ ಅವಳು ಒರೆಸಿ ಮುಗಿಸಿದಳು. ಆಮೇಲೆ ಆ ಹಿಂದುಮುಂದಿನ ಅಂಗಿ ಕಳಚಿ ಅವನ ಹೆಗಲಿಗೆ ಹಾಕಿ, ಅಂಗೈ ಚಾಚಿದಳು.

"ಕೀ ಕೊಡಿ. ಮೆಷಿನ್ ಶೆಡ್ಡಿಗೆ ವಾಪಸ್ ಕೊಡಬೇಕು."

"ನೀನೇನಾ ಓಡಿಸೋದು? ಎಲ್ಲಾದ್ರೂ ಗೀರು ಬಿದ್ರೆ?"

"ಬಿದ್ರೆ ತೆಗೆಯೋಕೆ ನನಗೆ ಬರುತ್ತೆ. ನಿಮಗೆ ಬರುತ್ತಾ?"

ಕೀ ಅವನ ಜೇಬಿನಿಂದ ಹೊರಬರಲು ಸಾಕಷ್ಟು ಹೊತ್ತು ಹಿಡಿಯಿತು. ಅವಳು ಸೀಟು ಮುಂದೆ ಎಳೆದುಕೊಂಡು, ಕನ್ನಡಿ ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಅವನು ಪಕ್ಕದ ಸೀಟಿನಲ್ಲಿ ಕೂತ. ಕಾರು ನೆರಳು ದಾಟಿ ಬಿಸಿಲಿಗೆ ಬಂದದ್ದೇ ತಡ, ಗಾಜಿನಾಚೆ, ಸರಿಯಾಗಿ ಅವನ ಕಣ್ಣೆದುರಿಗೆ, ಆ ಚೌಕದ ಸುತ್ತುಗೀರುಗಳೆಲ್ಲ ಫಳಫಳ ಹೊಳೆದವು. ಆರು ವರ್ಷ ಆ ಸೀಟಿನಲ್ಲಿ ಕೂತು ನೋಡಿದವಳ ಅಳತೆ ತಪ್ಪಿರಲಿಲ್ಲ.