ಮರೆಗುಳಿ ಬೋರ್ಡು

ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುವುದೆಂದರೆ ವನಮಾಲಾಗೆ ಹುಚ್ಚು. ಹೊಸ ಮದರ್‌ಬೋರ್ಡು ಮೊದಲ ವಾರ ಹೇಳಿದ ಹಾಗೆ ಕೇಳಿತು. ಆಮೇಲೆ ಅವಳು ಬೋರ್ಡನ್ನು ನಡೆಸುವ ಬಯೋಸ್ ಎಂಬ ತಂತ್ರಾಂಶದಲ್ಲಿ ಎಷ್ಟೇ ವೇಗ ಏರಿಸಿಟ್ಟರೂ, ಗೋಡೆಯ ಸ್ವಿಚ್ ಆರಿಸಿ ಮರುದಿನ ಹಾಕಿದರೆ ಬೋರ್ಡು ಎಲ್ಲವನ್ನೂ ಮರೆತಿರುತ್ತಿತ್ತು.

"ಮತ್ತೆ ಮರೆತಿದೆ ಅತ್ತೆ! ಈ ಬಯೋಸ್ ಬರೆದವನು ನನ್ನ ಕೈಗೆ ಸಿಗಬೇಕು!"

"ಚೆನ್ನಾಗಿ ಬೈದು ಬರಿ, ಬಿಡಬೇಡ," ಎಂದರು ಅತ್ತೆ ನೀಲಮ್ಮ.

ಅವಳು ಬರೆದಳು. ಬೋರ್ಡಿನ ಕಂಪನಿ ಒಂದಾದ ಮೇಲೊಂದರಂತೆ ಮೂರು ಹೊಸ ಬಯೋಸ್ ಕಳಿಸಿತು. ಮೂರನ್ನೂ ಹಾಕಿ ನೋಡಿದಳು, ಮರೆವು ಹೋಗಲಿಲ್ಲ. ಕೊನೆಗೆ ತಾನು ಮಾಡಿದ ಪರೀಕ್ಷೆಗಳನ್ನೆಲ್ಲ ವಿವರಿಸಿ ಹನ್ನೊಂದು ಪುಟದ ಪತ್ರ ಕಳಿಸಿದಳು.

ಗುರುವಾರ ಉತ್ತರ ಬಂತು. ಓದುತ್ತಲೇ ವನಮಾಲಾ ಕುರ್ಚಿ ಬಿಟ್ಟೆದ್ದು ಕುಣಿದಳು.

"ಗೆದ್ದೆ ಅತ್ತೆ! ನನ್ನ ಪತ್ರ ಓದಿ ಬಯೋಸನ್ನೆಲ್ಲ ಜಾಲಾಡಿದರಂತೆ. ಇದುವರೆಗೆ ಯಾರಿಗೂ ಕಾಣದ ದೊಡ್ಡ ತಪ್ಪೊಂದು ಸಿಕ್ಕಿತಂತೆ. ಸಾವಿರಾರು ಜನರಿಗೆ ಉಪಕಾರ ಮಾಡಿದಿರಿ ಅಂತ ಬರೆದಿದಾರೆ. ನನಗೆ ಹೊಸ ಬೋರ್ಡು ಉಡುಗೊರೆ!"

ನೀಲಮ್ಮ ಸೊಸೆಯ ಬಾಯಿಗೆ ಸಕ್ಕರೆ ಹಾಕಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ನನ್ನ ಶುಗರ್ ನೋಡೋ ಮಿಷಿನ್ನಿಗೆ ಅಂತ ಆ ಬೋರ್ಡಿಂದ ಒಂದು ಗುಂಡು ಸೆಲ್ಲು ತಗೊಂಡಿದ್ದೆ, ಅವತ್ತಿಂದ್ಲೇ ಅದಕ್ಕೆ ಈ ಮರೆವು. ಇನ್ನು ವಾಪಸ್ ಹಾಕೋದು ಬೇಡ, ಅಲ್ವೇನವ್ವಾ?"